ಕತೆ ಬರೆಯುವವರ ವ್ಯಾಕರಣ ಕ್ರಿಯಾಪದದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ ಕಡೆ ನಲವತ್ತೈವತ್ತು ದಾಟಿದ ಮೇಲೆ ಕತೆ ಬರೆಯಲು ಕೂರುವವರು ಸಾಕಷ್ಟು ಮಂದಿ ಇದ್ದಾರೆ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುತ್ತದೆ, ಉದ್ಯೋಗವೆಲ್ಲ ಇಂಗ್ಲಿಷಿನಲ್ಲಿ ಕಳೆದಿರುತ್ತದೆ. ಕನ್ನಡ ಓದುವುದು ಸಲೀಸು, ಬರೆಯುವಾಗ ಮಾತ್ರ ಕೈ ತಡೆಯುತ್ತದೆ. ವ್ಯಾಕರಣ ಕಲಿಯೋಣವೆಂದರೆ ಸಿಗುವುದು ಶಾಲೆಯ ಹಳೆಯ ಕ್ರಮ: 49 ಅಕ್ಷರಗಳ ವರ್ಣಮಾಲೆ, ಸಂಧಿ ಸಮಾಸಗಳ ಹೆಸರು, ವಿಭಕ್ತಿಗಳ ಪಟ್ಟಿ. ಸ್ವಲ್ಪ ದಿನಕ್ಕೆ ಪುಸ್ತಕ ಮುಚ್ಚಿಬಿಡುತ್ತಾರೆ. ಆದೇಶ ಸಂಧಿಯ ಹೆಸರೇ ಕೇಳದವರೂ ‘ಮಳೆಗಾಲ’ವನ್ನು ‘ಮಳೆಕಾಲ’ ಎಂದು ಬರೆಯುವುದಿಲ್ಲ. ಕತೆ ಬರೆಯುವವರು ಎಡವುವುದು ಕ್ರಿಯಾಪದದಲ್ಲಿ ಮತ್ತು ವಾಕ್ಯದ ಜೋಡಣೆಯಲ್ಲಿ. ಕಲಿಕೆ ಶುರುವಾಗಬೇಕಾದ್ದೂ ಅಲ್ಲಿಂದಲೇ.

ಮೊದಲು ಭೂತಕಾಲ. ‘ಮಾಡು’ ‘ಮಾಡಿದ’ ಆಗುವಂತೆ, ‘ಕರೆ’ ‘ಕರೆದ’ ಆಗುವಂತೆ ಹೆಚ್ಚಿನ ಧಾತುಗಳು ನಡೆಯುತ್ತವೆ. ಆದರೆ ಕತೆಯಲ್ಲಿ ದಿನಾ ಬೇಕಾಗುವ ಧಾತುಗಳೇ ಹಾದಿ ತಪ್ಪಿಸುತ್ತವೆ: ಬರು-ಬಂದ, ಏಳು-ಎದ್ದ, ಬೀಳು-ಬಿದ್ದ, ನಿಲ್ಲು-ನಿಂತ, ಕೊಡು-ಕೊಟ್ಟ, ಕೀಳು-ಕಿತ್ತ, ಅಳು-ಅತ್ತ, ಸೋಲು-ಸೋತ, ಕಾಣು-ಕಂಡ, ಸಾಯು-ಸತ್ತ. ಇಂಥ ಮೂವತ್ತು ಧಾತುಗಳನ್ನು ಬರೆದಿಟ್ಟು, ಒಂದೊಂದನ್ನೂ ನಾನು, ನೀನು, ಅವನು, ಅವಳು, ಅವರು, ಅದು, ಅವು ಎಂಬ ಏಳು ಕರ್ತೃಪದಗಳೊಂದಿಗೆ ನಡೆಸಬೇಕು. ಕೊನೆಯ ‘ಅವು’ ಮುಖ್ಯ. ಆಡುಮಾತಿನಲ್ಲಿ ‘ದೋಣಿಗಳು ದಡಕ್ಕೆ ಬಂತು’ ಎನ್ನುತ್ತೇವೆ. ನಿರೂಪಣೆಯಲ್ಲಿ ಅದು ‘ಬಂದವು’ ಆಗಬೇಕು. ಹಾಗೆಯೇ ಒಂದೇ ಪುಟದಲ್ಲಿ ‘ಅಜ್ಜ ಬಂದ’, ‘ಅಜ್ಜ ಕುಳಿತರು’ ಎರಡೂ ಇದ್ದರೆ ಅಜ್ಜನ ಬಗ್ಗೆ ನಿರೂಪಕನಿಗೆ ಇರುವ ಭಾವವೇ ಕಲಸಿಹೋಗುತ್ತದೆ. ಬಹುವಚನವೋ ಏಕವಚನವೋ ಎಂಬುದನ್ನು ಮೊದಲ ಸಾಲಿನಲ್ಲೇ ತೀರ್ಮಾನಿಸಿಕೊಳ್ಳಬೇಕು.

ಹೊಸಬರ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ‘ಇದ್ದನು’. ‘ಬಂದಿದ್ದನು, ಕುಳಿತಿದ್ದನು, ನಕ್ಕಿದ್ದನು’ ಎಂದು ಸಾಗಿದರೆ ಎಲ್ಲವೂ ಮುಗಿದುಹೋದ ವರದಿಯಾಗುತ್ತದೆ, ಕಣ್ಣೆದುರು ಏನೂ ನಡೆಯುವುದಿಲ್ಲ. ಕತೆಯನ್ನು ಮುಂದಕ್ಕೆ ಒಯ್ಯುವುದು ‘ಬಂದ, ಕುಳಿತ, ನಕ್ಕ’. ಹಿಂದಿನ ಘಟನೆಗೆ ಹೋಗುವಾಗ ಮೊದಲ ಒಂದೆರಡು ವಾಕ್ಯಗಳಲ್ಲಿ ‘ಬಂದಿದ್ದ’ ಬಳಸಿದರೆ ಸಾಕು. ಓದುಗರಿಗೆ ಕಾಲ ಬದಲಾದದ್ದು ತಿಳಿಯುತ್ತದೆ, ಅಲ್ಲಿಂದ ಮುಂದೆ ಸಾದಾ ಭೂತಕಾಲಕ್ಕೇ ಮರಳಬಹುದು. ನಿಷೇಧ ರೂಪಗಳಲ್ಲೂ ಇಂಥ ಸೂಕ್ಷ್ಮವಿದೆ. ‘ಮಗ ಬರಲಿಲ್ಲ’ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು. ‘ಮಗ ಬಂದಿಲ್ಲ’ ಎಂದರೆ ಈ ಹೊತ್ತಿಗೆ ಬಂದಿಲ್ಲ, ಇನ್ನೂ ಬಂದಾನು. ಭೂತಕಾಲದ ನಿರೂಪಣೆಯಲ್ಲಿ ಆ ಕಾಯುವಿಕೆ ಉಳಿಯಬೇಕಾದರೆ ‘ಮಗ ಇನ್ನೂ ಬಂದಿರಲಿಲ್ಲ’. ತಾಯಿ ಬಾಗಿಲಲ್ಲಿ ಕಾಯುವ ಕತೆಯಲ್ಲಿ ಈ ಮೂರರ ವ್ಯತ್ಯಾಸ ತಿಳಿಯದೆ ಕೆಲಸವಾಗದು.

ಇನ್ನೊಂದು, ‘ಎದ್ದು, ತೆರೆದು, ನೋಡಿ’ಯಂಥ ಅಪೂರ್ಣ ಕ್ರಿಯೆಗಳ ಸರಣಿ. ಇದು ಕನ್ನಡ ಗದ್ಯದ ದೊಡ್ಡ ಶಕ್ತಿ. ನಿಯಮ ಇಷ್ಟೇ: ಸರಣಿಯ ಕ್ರಿಯೆಗಳನ್ನೂ ಕೊನೆಯ ಕ್ರಿಯಾಪದವನ್ನೂ ಮಾಡುವವರು ಒಬ್ಬರೇ ಆಗಿರಬೇಕು. ‘ಅವಳು ಬಾಗಿಲು ತೆರೆದು ಅವನು ಒಳಗೆ ಬಂದ’ ತಪ್ಪು. ‘ಅವಳು ಬಾಗಿಲು ತೆರೆದಾಗ’ ಎನ್ನಬೇಕು. ಒಂದು ಇನ್ನೊಂದಕ್ಕೆ ಕಾರಣವಾಗಿ ತಾನಾಗಿ ನಡೆಯುವಲ್ಲಿ ಮಾತ್ರ ವಿನಾಯಿತಿ: ‘ಗಾಳಿ ಬೀಸಿ ದೀಪ ಆರಿತು’ ಸರಿಯೇ. ನಾಲ್ಕಕ್ಕಿಂತ ಹೆಚ್ಚು ಅಪೂರ್ಣ ಕ್ರಿಯೆಗಳು ಸಾಲುಗಟ್ಟಿದರೆ ವಾಕ್ಯ ಮುರಿಯುವುದು ಒಳ್ಳೆಯದು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಓದುಗರು ಅಷ್ಟು ಹೊತ್ತು ಕಾಯಲಾರರು.

ಇಬ್ಬರು ಗಂಡಸರು ಇರುವ ದೃಶ್ಯದಲ್ಲಿ ‘ಅವನು’ ಕೈಕೊಡುತ್ತದೆ. ‘ರಮೇಶ ಸುರೇಶನಿಗೆ ಅವನ ಬೈಕಿನ ಕೀ ಕೊಟ್ಟ’ ಎಂದರೆ ಬೈಕು ಯಾರದು? ‘ತನ್ನ ಬೈಕಿನ ಕೀ’ ಎಂದರೆ ರಮೇಶನದು ಎಂಬುದು ಖಚಿತ. ಆದರೆ ‘ನಾನು ತನ್ನ ಮನೆಗೆ ಹೋದೆ’ ಎಂಬುದಿಲ್ಲ. ‘ತನ್ನ’ ಪ್ರಥಮ ಪುರುಷಕ್ಕೆ, ಅಂದರೆ ಅವನು, ಅವಳು, ಅದು ಎಂಬಲ್ಲಿಗೆ ಮೀಸಲು. ವಿಶೇಷಣದ ಜಾಗವೂ ಹಾಗೆಯೇ: ‘ಮುರಿದ ಮನೆಯ ಬಾಗಿಲು’ ಎಂದರೆ ಮನೆ ಮುರಿದಿದೆಯೋ ಬಾಗಿಲೋ ತಿಳಿಯದು. ಬಾಗಿಲಾದರೆ ‘ಮನೆಯ ಮುರಿದ ಬಾಗಿಲು’. ‘ತೆರೆಯಲ್ಪಟ್ಟಿತು’ ಎಂಬುದನ್ನು ಕತೆಯಿಂದ ದೂರವಿಡಿ, ‘ತೆರೆದುಕೊಂಡಿತು’ ಇರುವಾಗ ಅದೇಕೆ? ಪದ ಬಿಡಿಸುವುದರಲ್ಲೂ ಅರ್ಥ ಬದಲಾಗುತ್ತದೆ: ‘ಹೇಳಿಕೊಟ್ಟಳು’ ಎಂದರೆ ಕಲಿಸಿದಳು, ‘ಹೇಳಿ ಕೊಟ್ಟಳು’ ಎಂದರೆ ಮಾತು ಹೇಳಿ ವಸ್ತು ಕೊಟ್ಟಳು.

ಕಾಗುಣಿತಕ್ಕೆ ನಿಘಂಟು ಇದೆ. ದೃಢ, ಮಧ್ಯಾಹ್ನ, ಚಿಹ್ನೆ, ಉಚ್ಚಾರ, ವಿದ್ಯಾರ್ಥಿ, ಕುತೂಹಲ, ಹೀಗೆ ಪದೇ ಪದೇ ತಪ್ಪುವವುಗಳ ಪಟ್ಟಿಯೊಂದು ಮೇಜಿನ ಮೇಲಿದ್ದರೆ ಸಾಕು.

ನಮ್ಮ ಕಡೆಯ ಮಾತನ್ನು ಅಳಿಸಬೇಕೆಂದು ಇದರ ಅರ್ಥವಲ್ಲ. ಪಾತ್ರದ ಬಾಯಲ್ಲಿ ‘ನನಗೆ ಹೋಗಲಿಕ್ಕೆ ಉಂಟು ಮಾರಾಯ’ ಎಂಬುದು ಸರಿಯಾದ ಕನ್ನಡವೇ. ಅದನ್ನು ‘ನಾನು ಹೋಗಬೇಕಾಗಿದೆ’ ಎಂದು ತಿದ್ದುವ ಮೇಷ್ಟ್ರು ಕತೆಯನ್ನು ಕೆಡಿಸುತ್ತಾರೆ. ಕುಂದಾಪ್ರ ಕನ್ನಡವಾದರೆ ಒಂದು ಪದವನ್ನು ಮೊದಲ ಸಲ ಹೇಗೆ ಬರೆದಿರೋ ಕೊನೆಯವರೆಗೂ ಹಾಗೆಯೇ ಬರೆಯಿರಿ. ನಿರೂಪಣೆಯಲ್ಲೂ ‘ಬಂದನು’ ಅಥವಾ ‘ಬಂದ’, ಒಂದನ್ನೇ ಹಿಡಿಯಿರಿ.

ಅಭ್ಯಾಸಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು. ಅಚ್ಚಾದ ಕತೆಯೊಂದರ ಒಂದು ಪುಟ ತೆಗೆದು ಪೂರ್ಣ ಕ್ರಿಯಾಪದಗಳಿಗೆ ಗೆರೆ ಎಳೆದು, ಪ್ರತಿಯೊಂದರ ಕರ್ತೃವನ್ನು ಗುರುತಿಸಿ. ಬಳಿಕ ಅದೇ ಪುಟದ ‘ಅವನು’ ಎಂಬುದನ್ನು ‘ನಾನು’ ಮಾಡಿ, ಆಮೇಲೆ ‘ಅವರು’ ಮಾಡಿ ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಆ ನಿಯಮವನ್ನು ಮಾತ್ರ ಪುಸ್ತಕದಲ್ಲಿ ಹುಡುಕಿ.

ಕಿಟ್ಟೆಲ್ ಅವರ ನಿಘಂಟು 1894ರಲ್ಲಿ, ವ್ಯಾಕರಣ 1903ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ವ್ಯಾಕರಣ ಇಂಗ್ಲಿಷಿನಲ್ಲಿದೆ, ಹಳಗನ್ನಡ, ನಡುಗನ್ನಡಗಳನ್ನೂ ಒಳಗೊಂಡಿದೆ, ಹೊಸಬರಿಗೆ ಭಾರ. ಇಂಥ ಊರಿನಲ್ಲಿ ವಯಸ್ಕರಿಗಾಗಿ ವಾರಕ್ಕೊಂದು ಸಂಜೆ ವಾಕ್ಯ ತಿದ್ದುವ ತರಗತಿಯನ್ನು ನಗರ ಗ್ರಂಥಾಲಯಗಳು, ಕಾಲೇಜುಗಳ ಕನ್ನಡ ವಿಭಾಗಗಳು ನಡೆಸಬೇಕು. ಒಂದು ತಂಡಕ್ಕೆ ಹದಿನೈದು ಜನ ಮೀರದಿರಲಿ, ಇಲ್ಲವಾದರೆ ಪ್ರತಿಯೊಬ್ಬರ ಪುಟ ತಿದ್ದಲಾಗದು. ತಮ್ಮ ಪತ್ರಿಕೆಯೂ ಭಾನುವಾರದ ಪುರವಣಿಯಲ್ಲಿ ಹತ್ತು ವಾಕ್ಯಗಳನ್ನು ತಿದ್ದಿ ಪ್ರಕಟಿಸಲಿ ಎಂಬುದು ನನ್ನ ಬೇಡಿಕೆ. ಬರೆದವರ ಹೆಸರು ಬೇಡ, ತಿದ್ದಿದ್ದಕ್ಕೆ ಕಾರಣ ಮಾತ್ರ ಪ್ರತಿ ವಾಕ್ಯದ ಕೆಳಗೂ ಇರಲಿ.

— ಕನ್ನಡ ಅಧ್ಯಾಪಕ, ಉಡುಪಿ