ಯಾರ ತಪ್ಪಿಗೆ ಯಾರ ಸಮಜಾಯಿಷಿ?

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರ ಪತ್ರ ಬಂದಿತ್ತು. ಭಯೋತ್ಪಾದಕರ ದಾಳಿ ಆದಾಗಲೆಲ್ಲ ನಮ್ಮೂರಿನ ಮುಸ್ಲಿಮರು ಬಾಯಿಬಿಟ್ಟು ಖಂಡಿಸಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆಯೇ ಎಂದು ಅವರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ನಮ್ಮ ಹತ್ತಿರದ ಶಿವಮೊಗ್ಗದವರೂ ಒಬ್ಬರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆದರೆ ಆ ಪತ್ರದ ಬೇಡಿಕೆಗೆ ಮಾತ್ರ ನನ್ನ ತಕರಾರಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿದ್ದು ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು. ಸರ್ವಿಸ್‌ನಲ್ಲಿ ಕೈಸೋಲುವಷ್ಟು ಬರೆದದ್ದು ಕಾರಣ ಕೇಳುವ ನೋಟಿಸುಗಳನ್ನು. ಸರ್ಕಾರಿ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳು ಆಗ ಬಾಯಿಪಾಠವಾಗಿದ್ದವು. ನೋಟಿಸ್ ಅಂದರೆ ಸುಮ್ನೆ ಅಲ್ಲ. ಯಾರು, ಯಾವ ದಿನ, ಯಾವ ಕೆಲಸದಲ್ಲಿ ಏನು ಲೋಪ ಮಾಡಿದರು ಅಂತ ಅದರಲ್ಲಿ ಇರಬೇಕು. ಸಮಜಾಯಿಷಿ ಕೊಡಲು ಇಂತಿಷ್ಟು ದಿನ ಅಂತ ಗಡುವು ಇರಬೇಕು. ಸಮಜಾಯಿಷಿ ಬಂದ ಮೇಲೆ ಅದನ್ನು ಓದಲೂಬೇಕು. ಸರಿ ಅನಿಸಿದರೆ ‘ಕಡತ ಮುಕ್ತಾಯಗೊಳಿಸಿದೆ’ ಎಂದು ಷರಾ ಬರೆದು ಕಟ್ಟಿಡಬೇಕು.

ಒಮ್ಮೆ ಒಂದು ಮುಖ್ಯವಾದ ಕಡತ ಕಳೆದುಹೋಯಿತು. ಸಾಹೇಬರು ಸಿಟ್ಟಿನಲ್ಲಿ, ಇಡೀ ಶಾಖೆಗೆ ನೋಟಿಸ್ ಹೊರಡಿಸಿ ಎಂದರು. ನಮ್ಮ ಶಿರಸ್ತೇದಾರರು ಹಳೇ ಕಾಲದ ಮನುಷ್ಯ, ಅಂಜುವವರಲ್ಲ. “ಎಲ್ಲರಿಗೂ ಕೊಟ್ಟರೆ ಕಳೆದವನಿಗೇ ಅನುಕೂಲ ಸಾರ್. ಎಂಟು ಜನರ ಮಧ್ಯೆ ಅವನೂ ಒಬ್ಬ ಆಗಿಬಿಡ್ತಾನೆ. ವಹಿ ತೆಗೆದು ನೋಡೋಣ, ಕಡೇ ಸಲ ಯಾರ ಟೇಬಲ್ಲಿಗೆ ಹೋಗಿತ್ತು ಅಂತ” ಎಂದರು. ವಹಿ ನೋಡಿದೆವು. ಒಬ್ಬರಿಗೇ ನೋಟಿಸ್ ಹೋಯಿತು.

ಪಹಲ್ಗಾಮ್‌ನಲ್ಲಿ ಕೊಂದವರು ಮೂವರು ಎಂದು ಕೇಂದ್ರ ಸರ್ಕಾರವೇ ಲೋಕಸಭೆಯಲ್ಲಿ ಹೆಸರು ಸಮೇತ ಹೇಳಿತು. ಅವರನ್ನು ಜುಲೈ 28ರಂದು ಶ್ರೀನಗರದ ಹತ್ತಿರದ ಕಾಡಿನಲ್ಲಿ ಭದ್ರತಾ ಪಡೆಗಳು ಹೊಡೆದುಹಾಕಿದವು. ಆದರೆ ಅದಕ್ಕೆ ಮೂರು ತಿಂಗಳು ಮೊದಲೇ ಹಾಸನದ ಒಂದು ಹಾಸಿಗೆ ಅಂಗಡಿಯಲ್ಲಿ ವಿಚಾರಣೆ ನಡೆದು ಹೋಗಿತ್ತು.

ದಾಳಿಯಾದ ಮರುವಾರ ಮಗಳು ಹೆರಿಗೆಗೆ ಬರುವವಳಿದ್ದಳು. ಹಳೇ ಹತ್ತಿ ಹಾಸಿಗೆ ಗಂಟುಗಂಟಾಗಿತ್ತು. ಬಿಚ್ಚಿ, ಎಕ್ಕಿಸಿ, ಹೊಸ ಬಟ್ಟೆ ಹಾಕಿ ಹೊಲಿಸೋಣ ಅಂತ ನಾವು ಯಾವಾಗಲೂ ಕೊಡುವ ಸಾಬರ ಅಂಗಡಿಗೆ ಹೋದೆ. ಮೆಷಿನ್ ಓಡುತ್ತಿತ್ತು. ಅಂಗಡಿ ತುಂಬ ಹತ್ತಿಯ ದೂಳು. ಮೂಗಿಗೆ ವಸ್ತ್ರ ಕಟ್ಟಿಕೊಂಡಿದ್ದ ಹುಡುಗ ಒಂದು ಮೂಲೆಯಲ್ಲಿ. ಸಾಬರು ದಬ್ಬಳ ಹಿಡಿದು ಒಂದು ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ಆ ಹಾಸಿಗೆಯ ಯಜಮಾನರು ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದರು. ನನಗೂ ಮುಖಪರಿಚಯ, ಮರ್ಯಾದಸ್ಥರೇ.

“ಏನ್ ಸಾಬ್ರೆ, ನಿಮ್ಮೋರು ಹಿಂಗ್ ಮಾಡ್ಬಿಟ್ರಲ್ಲ?” ಅಂದರು.

ಸಾಬರು ಹುಡುಗನ ಕಡೆ ನೋಡಿದರು. ಅವನು ಮೆಷಿನ್ ಆಫ್ ಮಾಡಿದ. “ತಪ್ಪು ಸಾರ್. ಬಾಳ ತಪ್ಪು. ಅಂಥೋರ್ನ ನೇಣಿಗೆ ಹಾಕ್ಬೇಕು” ಅಂದರು ಸಾಬರು.

“ಬಾಯಲ್ಲಿ ಎಲ್ರೂ ಹಂಗೇ ಅಂತೀರ.”

ಅದಕ್ಕೆ ಸಾಬರು ಏನೂ ಹೇಳಲಿಲ್ಲ. ಗಿರಾಕಿ ಹಾಸಿಗೆ ಒತ್ತಿ ನೋಡಿದರು, ಹತ್ತಿ ತೂಕ ಸರಿಯಾಗಿದೆಯಾ ಅಂತ ಎರಡು ಸಲ ಕೇಳಿದರು, ಐವತ್ತು ರೂಪಾಯಿ ಕಡಿಮೆ ಕೊಟ್ಟು ಆಟೋ ಕರೆದರು. ಬೇರೆ ದಿನವಾಗಿದ್ದರೆ ಆ ಐವತ್ತು ರೂಪಾಯಿಗೆ ಸಾಬರು ಹತ್ತು ನಿಮಿಷ ಜಗಳ ಆಡುತ್ತಿದ್ದರು. ಅವತ್ತು ಆಡಲಿಲ್ಲ. ಆಮೇಲೆ ನನ್ನ ಹಾಸಿಗೆ ತೂಗುತ್ತಾ ತಾವಾಗಿಯೇ ಹೇಳಿದರು: “ಈ ಹುಡುಗನಿಗೆ ಹೇಳಿಬಿಟ್ಟಿದೀನಿ ಸಾರ್. ಯಾರ್ ಕೇಳಿದ್ರೂ ನೀನ್ ಬಾಯ್ ಬಿಡ್ಬೇಡ, ಮಾತಾಡೋದು ನಾನ್ ಮಾತಾಡ್ತೀನಿ ಅಂತ.”

ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಅಂಗಡಿ ಬಾಗಿಲು ತೆಗೆಯುವ ಮೊದಲೇ ಉತ್ತರ ತಯಾರಾಗಿತ್ತು. ಪತ್ರ ಬರೆದ ಮಹನೀಯರಿಗೆ ನಾನು ಕೇಳುವುದು ಇಷ್ಟೆ. ಸಾಬರು ಖಂಡಿಸಿದರಲ್ಲ, ಏನು ಸಿಕ್ಕಿತು? ಮಾತಾಡಿದರೆ ನಾಟಕ, ಮಾತಾಡದಿದ್ದರೆ ಒಳಗೊಳಗೇ ಖುಷಿ. ಯಾವ ಸಮಜಾಯಿಷಿ ಕೊಟ್ಟರೂ ಈ ಕಡತ ಮುಕ್ತಾಯ ಆಗುವುದಿಲ್ಲ. ಮತ್ತೆ ಇನ್ನೊಂದು. ಈ ಪ್ರಶ್ನೆ ಕೇಳುವುದು ಯಾವಾಗಲೂ ಗಿರಾಕಿ ಅಂಗಡಿಯವನನ್ನ, ಓನರ್ ಬಾಡಿಗೆದಾರನನ್ನ, ಸಾಹುಕಾರ ತೋಟದ ಆಳನ್ನ. ತಿರುಗಿ ಕೇಳಲಾಗದವರನ್ನೇ ನೋಡಿ ಕೇಳುತ್ತೇವೆ.

ಖಂಡನೆ ಬಂದಿಲ್ಲ ಅನ್ನುವುದೂ ನಿಜವಲ್ಲ. 2008ರಲ್ಲಿ ದೇವಬಂದ್‌ನ ದಾರುಲ್ ಉಲೂಮ್ ಮದರಸಾ ದೇಶದ ಉಲೇಮಾಗಳನ್ನು, ಅಂದರೆ ಧರ್ಮಪಂಡಿತರನ್ನು ಸೇರಿಸಿ, ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಘೋಷಿಸಿತು. ಅದೇ ವರ್ಷ ನವೆಂಬರ್ 26ರ ಮುಂಬೈ ದಾಳಿ. 166 ಜನ ಸತ್ತರು, ಅವರಲ್ಲಿ ಮುಸ್ಲಿಮರೂ ಇದ್ದರು. ಸತ್ತ ಒಂಬತ್ತು ಹಂತಕರ ಹೆಣಗಳಿಗೆ ಮರೀನ್ ಲೈನ್ಸ್‌ನ ಬಡಾ ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಅದನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಖಡಾಖಂಡಿತ ಹೇಳಿತು. ಆ ಹೆಣಗಳು ವರ್ಷಕ್ಕೂ ಮೇಲ್ಪಟ್ಟು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲೇ ಬಿದ್ದಿದ್ದವು. ಕೊನೆಗೆ 2010ರ ಜನವರಿಯಲ್ಲಿ ಸರ್ಕಾರವೇ ಯಾರಿಗೂ ತಿಳಿಯದ ಹಾಗೆ ಮಣ್ಣು ಮಾಡಿತು. ಗೋರಿಗೆ ಆರಡಿ ಜಾಗ ಇಲ್ಲ ಅನ್ನುವುದಕ್ಕಿಂತ ದೊಡ್ಡ ಖಂಡನೆ ಇನ್ಯಾವುದು ಬೇಕಿತ್ತು? ಪಹಲ್ಗಾಮ್ ಆದ ಮರುದಿನ ಕಾಶ್ಮೀರ ಕಣಿವೆಯೇ ಬಂದ್ ಆಯಿತು. ಆ ಶುಕ್ರವಾರ ಎಷ್ಟೋ ಊರುಗಳಲ್ಲಿ ಜನ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ನಮಾಜಿಗೆ ಹೋದರು. ಇದೆಲ್ಲ ಪೇಪರಿನಲ್ಲಿ ಬಂದಿದೆ. ನೆನಪಿಟ್ಟುಕೊಳ್ಳುವ ಮನಸ್ಸಿಲ್ಲ, ಅಷ್ಟೆ.

ಸಮವಸ್ತ್ರ ಹಾಕಿದರೂ ತಪ್ಪಿದ್ದಲ್ಲ. ಆಪರೇಷನ್ ಸಿಂಧೂರದ ವಿವರ ದೇಶಕ್ಕೆ ಕೊಟ್ಟವರಲ್ಲಿ ಒಬ್ಬರು ಕರ್ನಲ್ ಸೋಫಿಯಾ ಖುರೇಷಿ, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ಅವರನ್ನೇ ಭಯೋತ್ಪಾದಕರ ಸಹೋದರಿ ಎನ್ನುವ ಅರ್ಥ ಬರುವ ಹಾಗೆ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಭಾಷಣ ಮಾಡಿದರು. ಎಫ್‌ಐಆರ್ ಹಾಕಿ ಎಂದು ಹೈಕೋರ್ಟ್ ಹೇಳಬೇಕಾಯಿತು. ಕರ್ನಲ್‌ಗೇ ಹೀಗಾದರೆ ದಬ್ಬಳ ಹಿಡಿದವರ ಪಾಡೇನು?

ನಾನು ಬ್ರಾಹ್ಮಣ. ಗಾಂಧೀಜಿಯವರನ್ನು ಕೊಂದ ಗೋಡ್ಸೆಯೂ ಬ್ರಾಹ್ಮಣ. ಇಷ್ಟು ವರ್ಷದಲ್ಲಿ ಒಬ್ಬರಾದರೂ “ಏನ್ ಸ್ವಾಮಿ, ನಿಮ್ಮೋರು ಹಿಂಗ್ ಮಾಡ್ಬಿಟ್ರಲ್ಲ” ಅಂತ ನನ್ನನ್ನು ಕೇಳಿದ್ದಿಲ್ಲ. ಪ್ರತಿ ಜನವರಿ 30ಕ್ಕೆ ಕಚೇರಿಯಲ್ಲಿ ಎರಡು ನಿಮಿಷ ಮೌನವಾಗಿ ನಿಂತು ಬಂದು ಕೂರುತ್ತಿದ್ದೆ. ಆದರೆ 1948ರಲ್ಲಿ ಸಾತಾರಾ, ಕೊಲ್ಹಾಪುರದ ಕಡೆ ಕೇಳಿದರು. ಬ್ರಾಹ್ಮಣರ ಮನೆಗಳಿಗೆ ಬೆಂಕಿ ಇಟ್ಟೇ ಕೇಳಿದರು. 1984ರಲ್ಲಿ ಇಂದಿರಾ ಗಾಂಧಿಯವರನ್ನು ಕೊಂದದ್ದಕ್ಕೆ ದೆಹಲಿಯ ಸಿಖ್ಖರನ್ನು ಕೇಳಿದರು. ಸರ್ಕಾರಿ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ ಸತ್ತವರು 2,733 ಜನ. ನಿಮ್ಮವರು ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಈ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ.

ಒಂದು ವಾದ ಉಂಟು, ಅದನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಆ ಕೇಸಿನಲ್ಲಿ ಎನ್‌ಐಎ ಹಿಡಿದ ಮುಖ್ಯ ಆರೋಪಿಗಳು ತೀರ್ಥಹಳ್ಳಿಯವರು, ದೂರದವರೇನಲ್ಲ. ಹುಡುಗರು ದಾರಿ ತಪ್ಪುವಾಗ ಮನೆಯವರು, ಹಿರಿಯರು ನೋಡಬೇಡವೇ ಅಂತ ಜನ ಕೇಳುತ್ತಾರೆ. ನೋಡಬೇಕು, ಖಂಡಿತ. ಗೊತ್ತಿದ್ದವರು ಸ್ಟೇಷನ್ನಿಗೆ ಹೇಳಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಅದು ಅಪರಾಧ, ಅವರನ್ನು ಪೊಲೀಸರು ಕೇಳುತ್ತಾರೆ. ತೀರ್ಥಹಳ್ಳಿಯ ಹುಡುಗರ ಮುಖವನ್ನೇ ನೋಡದ ಹಾಸನದ ಸಾಬರಿಗೆ ಅದರಲ್ಲಿ ಹೇಳಲು ಏನಿದೆ?

ನನ್ನ ಮಿತ್ರರು ಇಂಥ ಮಾತು ಬಂದಾಗ ತಕ್ಷಣ ಬೇಲೂರಿನ ತೇರಿನ ಉದಾಹರಣೆ ಕೊಡುತ್ತಾರೆ. ಚೆನ್ನಕೇಶವನ ರಥೋತ್ಸವಕ್ಕೆ ಮುಂಚೆ ದೊಡ್ಡಮೇದೂರಿನ ಖಾಜಿಯವರು ಕುರಾನ್ ಓದುತ್ತಿದ್ದ ಹಳೇ ರೂಢಿ. ಈಚೆಗೆ ಅದಕ್ಕೂ ವಿವಾದ ಅಂಟಿತು, ಅದು ಬೇರೆ ಮಾತು. ರೂಢಿ ಚೆಂದವೇ. ಆದರೆ ನಾನು ಆ ಉದಾಹರಣೆ ಕೊಡುವುದಿಲ್ಲ. ನಮ್ಮ ತೇರಿಗೆ ಬರದ, ನಮ್ಮ ಪ್ರಸಾದ ತಿನ್ನದ, ಯಾರ ಜೊತೆಗೂ ಹೆಚ್ಚು ಮಾತಾಡದ ಗಂಟುಮೋರೆಯ ಮುಸ್ಲಿಮನೂ ತಾನು ಮಾಡದ ಕೊಲೆಗೆ ಉತ್ತರ ಕೊಡಬೇಕಾಗಿಲ್ಲ. ಒಳ್ಳೆಯವನು ಅಂತ ಸರ್ಟಿಫಿಕೇಟ್ ತಂದರೆ ಮಾತ್ರ ಬಿಡುತ್ತೇವೆ ಅನ್ನಲು ನಾವ್ಯಾರು?

ಸಂಬಳ ತೆಗೆದುಕೊಂಡು, ಅಧಿಕಾರ ಇಟ್ಟುಕೊಂಡವರು ಉತ್ತರ ಕೊಡಬೇಕು. ಪಹಲ್ಗಾಮ್‌ನ ದಾಳಿ ನಡೆದ ಬೈಸರನ್ ಹುಲ್ಲುಗಾವಲಿನಲ್ಲಿ ಅವತ್ತು ಅಷ್ಟೊಂದು ಪ್ರವಾಸಿಗರಿದ್ದರು, ಕಾವಲಿಗೆ ಯಾರೂ ಇರಲಿಲ್ಲ. ಇದು ಭದ್ರತಾ ವೈಫಲ್ಯ, ಹೊಣೆ ನನ್ನದೇ ಎಂದು ಆಗ ಜಮ್ಮು-ಕಾಶ್ಮೀರದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮನೋಜ್ ಸಿನ್ಹಾ 2025ರ ಜುಲೈನಲ್ಲಿ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ನಮ್ಮ ಕಚೇರಿಯಲ್ಲಿ ಯಾರಾದರೂ ಹಾಗೆ ಒಪ್ಪಿಕೊಂಡಿದ್ದರೆ ಮಾರನೇ ದಿನವೇ ಮುಂದಿನ ಕ್ರಮದ ಟಿಪ್ಪಣಿ ಮಂಡಿಸುತ್ತಿದ್ದೆವು. ಆ ಸುದ್ದಿ ನಮ್ಮ ಹೋಟೆಲು, ಕಟ್ಟೆಗಳಲ್ಲಿ ಒಂದು ದಿನವೂ ಚರ್ಚೆಯಾಗಲಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಾದರೂ ಬಾಂಬ್ ಸಿಡಿದರೆ ಮಾರನೇ ದಿನ ಜಿಲ್ಲಾ ಪುಟದಲ್ಲಿ ‘ಮುಸ್ಲಿಂ ಮುಖಂಡರ ಖಂಡನೆ’ ಅಂತ ಎರಡು ಕಾಲಂ ಸುದ್ದಿ ಬರುತ್ತದೆ. ಆ ಮುಖಂಡರಿಗೆ ಫೋನ್ ಮಾಡಿ ಹೇಳಿಕೆ ಕೇಳುವವರು ವರದಿಗಾರರೇ ಅಲ್ವಾ? ಇನ್ನು ಮೇಲೆ ಆ ಫೋನನ್ನು ಸಂಸದರಿಗೆ ಮಾಡಿಸಿ. ಕಾವಲು ಯಾಕೆ ಇರಲಿಲ್ಲ, ಲೋಪಕ್ಕೆ ಯಾರ ಮೇಲೆ ಏನು ಕ್ರಮವಾಯಿತು ಅಂತ ಕೇಳಿಸಿ. ಅವರು ಫೋನ್ ತೆಗೆಯದಿದ್ದರೆ, ತೆಗೆಯಲಿಲ್ಲ ಅಂತಲೇ ಅದೇ ಎರಡು ಕಾಲಂನಲ್ಲಿ ಹಾಕಿ.

ಇಂತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕ,
ಹಾಸನ