ಕಂಪ್ಯೂಟರ್ ಮುಳುಗಿಸಲು ಅಡುಗೆ ಎಣ್ಣೆ ಬೇಡ

ಸಂಪಾದಕರೇ,

ಕಂಪ್ಯೂಟರನ್ನು ಎಣ್ಣೆಯಲ್ಲಿ ಮುಳುಗಿಸಿ ತಂಪಾಗಿಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಬರೆದದ್ದು ಸುಳ್ಳಲ್ಲ. ಆದರೆ ಅರ್ಧ ವಿಷಯ ಬಿಟ್ಟುಹೋಗಿದೆ. ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಆ ಇನ್ನರ್ಧ ಚೆನ್ನಾಗಿ ಗೊತ್ತು.

ಕಳೆದ ಬೇಸಿಗೆಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಅಪ್ಪನ ಜೊತೆ ಅಂಗಡಿಗೆ ಬಂದ. ಮೀನಿನ ಗಾಜಿನ ತೊಟ್ಟಿಗೆ 20 ಲೀಟರ್ ಸೂರ್ಯಕಾಂತಿ ಎಣ್ಣೆ ಸುರಿದು, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ), ಹಾರ್ಡ್ ಡಿಸ್ಕ್ ಎಲ್ಲವನ್ನೂ ಅದರಲ್ಲಿ ಇಳಿಸಿದ್ದ. ಮೊದಲ ದಿನ ಸದ್ದೇ ಇಲ್ಲದೆ ಓಡಿತಂತೆ. ಹಾರ್ಡ್ ಡಿಸ್ಕ್‌ಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ, ಅದರಿಂದ ಎಣ್ಣೆ ಒಳಗೆ ಇಳಿದು ಅದು ವಾರದೊಳಗೇ ನಿಂತುಹೋಯಿತು. ಬೇರೆ ಡಿಸ್ಕ್ ಹಾಕಿ ಎರಡು ತಿಂಗಳು ನಡೆಸಿದ. ಅಷ್ಟರಲ್ಲಿ ಮನೆಯೆಲ್ಲ ಕಮಟು ವಾಸನೆ. ನಾನು ಬೋರ್ಡ್ ಎತ್ತಿದಾಗ ಬೆರಳಿಗೆ ಅಂಟಂಟು, ಹಳೇ ಬಾಂಡ್ಲಿಯ ಅಂಚಿನ ಜಿಡ್ಡಿನ ಹಾಗೆ. ಬತ್ತಿ ಎಣ್ಣೆ ಎಳೆಯುತ್ತದಲ್ವಾ, ಹಾಗೇ ಕೇಬಲ್ ಒಳಗಿನ ಎಳೆಗಳು ಎಣ್ಣೆ ಎಳೆದು ಮಾನಿಟರ್ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. "ಅಂಕಲ್, ಆ ಡಿಸ್ಕ್‌ನಲ್ಲಿದ್ದ ಫೋಟೋ ಆದರೂ ಸಿಗುತ್ತಾ?" ಎಂದು ಹುಡುಗ ಕೇಳಿದ. ಸಿಗಲಿಲ್ಲ.

ಎಣ್ಣೆ ಕರೆಂಟ್ ಹರಿಯಲು ಬಿಡುವುದಿಲ್ಲ, ಗಾಳಿಗಿಂತ ಎಷ್ಟೋ ಜಾಸ್ತಿ ಶಾಖ ಹಿಡಿಯುತ್ತದೆ, ಇದು ನಿಜ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಒಳಗೂ ಎಣ್ಣೆಯೇ ಇರುವುದು. ಆದರೆ ಅದರ ಮೈಗೆ ಸುತ್ತಲೂ ರೆಕ್ಕೆಗಳಿರುತ್ತವೆ, ನೋಡಿ. ಬಿಸಿ ಎಣ್ಣೆ ಅಲ್ಲಿ ಹರಿದು ಶಾಖವನ್ನು ಹೊರಗಿನ ಗಾಳಿಗೆ ಕೊಟ್ಟು ಬರುತ್ತದೆ. ಎಣ್ಣೆ ಶಾಖವನ್ನು ಹೊರುತ್ತದೆ ಅಷ್ಟೇ, ಮಾಯ ಮಾಡುವುದಿಲ್ಲ. 20 ಲೀಟರ್ ಎಣ್ಣೆಗೆ 200 ವಾಟ್ ಶಾಖ ಬೀಳುತ್ತಾ ಇದ್ದು, ಅದು ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಗಂಟೆಗೆ ಹೆಚ್ಚುಕಡಿಮೆ 20 ಡಿಗ್ರಿ ಏರುತ್ತದೆ. ಗಾಜಿನ ತೊಟ್ಟಿಯಿಂದ ಒಂದಿಷ್ಟು ಹೊರಗೆ ಹೋಗುತ್ತದೆ, ಸರಿ, ಆದರೆ ನಮ್ಮೂರಲ್ಲಿ ಕೋಣೆಯೇ 40 ಡಿಗ್ರಿ ಇದ್ದಾಗ ಎಷ್ಟು ಹೋದೀತು? 1985ರ ಕ್ರೇ-2 ಸೂಪರ್ ಕಂಪ್ಯೂಟರ್‌ನ ಬೋರ್ಡ್‌ಗಳೂ ದ್ರವದಲ್ಲೇ ಮುಳುಗಿದ್ದವು. ಅದು ಎಣ್ಣೆಯಲ್ಲ, ಕರೆಂಟ್ ಹರಿಯಲು ಬಿಡದ ಫ್ಲೋರಿನರ್ಟ್ ಎಂಬ ದ್ರವ, ಮತ್ತು ಅದನ್ನು ಪಂಪ್ ಮಾಡಿ ಹೊರಗೆ ತಣ್ಣಗೆ ಮಾಡಿ ವಾಪಸ್ ಕಳಿಸುತ್ತಿದ್ದರು. 2007ರಲ್ಲಿ ಮೀನಿನ ತೊಟ್ಟಿಯಲ್ಲಿ ಇದನ್ನು ಮಾಡಿ ತೋರಿಸಿದ ಅಮೆರಿಕದ ಕಂಪ್ಯೂಟರ್ ಕಂಪನಿ ಪ್ಯುಗೆಟ್ ಸಿಸ್ಟಮ್ಸ್‌ನವರೂ ಅಡುಗೆ ಎಣ್ಣೆ ಬಳಸಲಿಲ್ಲ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಬಳಸಿದರು, ಹಾರ್ಡ್ ಡಿಸ್ಕನ್ನು ಹೊರಗೇ ಇಟ್ಟರು, ಆಮೇಲೆ ರೇಡಿಯೇಟರ್ ಕೂಡ ಸೇರಿಸಿದರು. ಇದೆಲ್ಲ ಬರಹದಲ್ಲಿ ಬರಬೇಕಿತ್ತು.

ಇನ್ನೊಂದು ಮಾತು, ಇದು ನನಗೆ ಜಾಸ್ತಿ ಭಯ ಹುಟ್ಟಿಸುವುದು. ಗುಜರಿಯಲ್ಲಿ ಸಿಗುವ ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆ ತಂದು ಸುರಿದರೆ ಆಗುತ್ತಾ ಎಂದು ಇಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ. ಹಳೇ ಎಣ್ಣೆಯಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷ ಇರಬಹುದು, ಅದು ಚರ್ಮದಿಂದಲೂ ಮೈಗೆ ಸೇರುತ್ತದೆ. ಮತ್ತೆ ಎಸ್‌ಎಂಪಿಎಸ್ ಒಳಗೆ 230 ವೋಲ್ಟ್ ಬರುತ್ತದೆ. ಅದನ್ನು ತೆರೆದ ತೊಟ್ಟಿಯಲ್ಲಿ ಇಟ್ಟ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ?

ಬೇಸಿಗೆಯಲ್ಲಿ ನನ್ನ ಹತ್ತಿರ ಬಿಸಿ ಅಂತ ಬರುವ ಮಷಿನ್‌ಗಳಲ್ಲಿ ಹೆಚ್ಚಿನವು ಧೂಳು ತೆಗೆದು, ಚಿಪ್‌ನ ಶಾಖ ಮೇಲಿನ ಲೋಹಕ್ಕೆ ದಾಟಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಬದಲಿಸಿದರೆ ಸರಿಹೋಗುತ್ತವೆ. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆ ಸರಿಸಿದರೂ ಎಷ್ಟೋ ಅನುಕೂಲ.

ಆ ಹುಡುಗನಿಗೆ ಕಲಿಯುವ ಆಸೆ ಇದೆ, ಕೈಯಲ್ಲಿ ಕುಶಲತೆಯೂ ಇದೆ. ನಿಮ್ಮಂಥ ಪತ್ರಿಕೆಯಲ್ಲಿ ಓದಿಯೇ ಅವನಂಥವರು ಶುರು ಮಾಡುತ್ತಾರೆ. ಮುಂದಿನ ಪುರವಣಿಯಲ್ಲಿ ಯಾವ ಎಣ್ಣೆ, ಯಾವುದನ್ನು ಮುಳುಗಿಸಬಾರದು, ಶಾಖ ಎಲ್ಲಿಗೆ ಹೋಗಬೇಕು ಎಂಬುದನ್ನು ಒಂದು ಚಿತ್ರದ ಜೊತೆ ಹಾಕಿ.

– ಕಂಪ್ಯೂಟರ್ ರಿಪೇರಿಯವ, ರಾಯಚೂರು