ಮಗಳಿಗೊಂದು ಪತ್ರ: ಬಟಾಣಿಯ ಕೊಕ್ಕು

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ನೀನು ಫೋನಿನಲ್ಲಿ 'ಬಟಾಣಿ ಹೇಗಿದೆ ಅಪ್ಪಾ?' ಅಂದಾಗಲೆಲ್ಲ 'ಚೆನ್ನಾಗಿದೆ ಕಣಮ್ಮ' ಅಂದುಬಿಡುತ್ತಿದ್ದೆ. ಚೆನ್ನಾಗಿಲ್ಲ. ಜೀವಕ್ಕೆ ಅಪಾಯವಿಲ್ಲ, ಅದನ್ನು ಮೊದಲೇ ಹೇಳುತ್ತೇನೆ, ಓದುತ್ತಾ ಗಾಬರಿಯಾಗಬೇಡ. ನಿನ್ನ ಆಮೆಯ ಚಿಪ್ಪು ಅಂಚಿನಲ್ಲಿ ಮೆತ್ತಗಾಗಿದೆ. ಮೇಲಿನ ಕೊಕ್ಕು ಗಿಳಿಯ ಕೊಕ್ಕಿನಂತೆ ಬೆಳೆದು ಕೆಳಗಿನ ದವಡೆ ದಾಟಿ ಬಾಗಿತ್ತು. ಅದನ್ನು ಉಗುರು ಕತ್ತರಿಸುವ ಕಟರ್‌ನಲ್ಲಿ ತೆಗೆಯಲು ಹೋಗಿ ನಾನು ಸೀಳಿಬಿಟ್ಟೆ. ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ನಿನಗೆ ನಾಲ್ಕು ವರ್ಷವಿದ್ದಾಗಿನ ಮಾತು, ನೆನಪಿರಲಿಕ್ಕಿಲ್ಲ. ಭಾನುವಾರ ಜಗಲಿಯಲ್ಲಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಗುರು ತೆಗೆಯುತ್ತಿದ್ದೆ. ಎಡಗೈ ಉಂಗುರದ ಬೆರಳು. ಉಗುರಿನ ಜೊತೆ ಚರ್ಮವೂ ಬಂತು. ನೀನು ಕೂಡಲೇ ಅಳಲಿಲ್ಲ. ಮೊದಲು ನನ್ನ ಮುಖ ನೋಡಿದೆ. ಅಪ್ಪ ಬೇಕೆಂದೇ ಮಾಡಿದನಾ ಎಂದು ಕೇಳುವ ಹಾಗೆ. ಆಮೇಲೆ ಅತ್ತೆ. ಅದಾದ ಮೇಲೆ ನಾನು ಕಟರ್ ಹಿಡಿದರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ನೀನು ದೊಡ್ಡವಳಾಗುವವರೆಗೂ ನಿಮ್ಮಮ್ಮನೇ ತೆಗೆದಳು.

ಬಟಾಣಿ ಅಳುವ ಪ್ರಾಣಿಯಲ್ಲ. ಟಕ್ ಎಂದು ಸದ್ದಾಯಿತು, ಕೊಕ್ಕಿನ ತುದಿಯಿಂದ ಮೇಲಕ್ಕೆ ಕೂದಲೆಳೆಯಂಥ ಗೆರೆ ಓಡಿತು, ಅದರ ಬುಡದಲ್ಲಿ ಸಾಸಿವೆಯಷ್ಟು ರಕ್ತ. ತಲೆ ಒಳಗೆ ಎಳೆದುಕೊಂಡಿತು. ಎರಡು ದಿನ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಈಜಿ ಬರುತ್ತಿದ್ದದ್ದು ಕಲ್ಲಿನ ಹಿಂದೆ ಹೋಗಿ ನಿಲ್ಲುತ್ತಿತ್ತು. ನಿಮ್ಮಮ್ಮ 'ಅದಕ್ಕೇನು ಗೊತ್ತಾಗತ್ತೆ ಬಿಡಿ' ಅಂದಳು. ಗೊತ್ತಾಗುತ್ತದೆ. ನಾನು ನೋಡಿದ್ದೇನೆ. ಆ ಜಗಲಿಯ ಮೇಲೂ ನೋಡಿದ್ದೆ.

ಮೂರನೇ ದಿನ ಪ್ಲಾಸ್ಟಿಕ್ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ, ಆಮೆ, ಹಕ್ಕಿ ನೋಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೊಕ್ಕು ನೋಡಲೇ ಇಲ್ಲ. ಚಿಪ್ಪಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರು. ನೆನೆದ ರಟ್ಟಿನ ಹಾಗೆ ಬಗ್ಗಿತು. 'ಏನು ತಿನ್ನಿಸುತ್ತೀರಿ?' ಅಂದರು. ಒಣ ಸೀಗಡಿ, ಬೇಯಿಸಿದ ಕೋಳಿ ಎದೆಮಾಂಸ ಅಂದೆ. ಇಷ್ಟಪಟ್ಟು ತಿನ್ನುತ್ತದೆ ಅಂತಲೂ ಸೇರಿಸಿದೆ, ಹೆಮ್ಮೆಯಿಂದ. ಬರಿಯ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಒಂದು ಪಾಲಿದ್ದರೆ ರಂಜಕ ಹತ್ತು ಪಾಲಿಗೂ ಮೀರಿ ಇರುತ್ತದಂತೆ. ಆಮೆಗೆ ಬೇಕಾದದ್ದು ತಿರುಗಾಮುರುಗ, ರಂಜಕ ಒಂದಿದ್ದರೆ ಕ್ಯಾಲ್ಸಿಯಂ ಹೆಚ್ಚುಕಡಿಮೆ ಎರಡು. ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಬಂದಾಗ ದೇಹ ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಚಿಪ್ಪೆಂದರೆ ಆಮೆಯ ಬೆನ್ನುಮೂಳೆ, ಪಕ್ಕೆಲುಬುಗಳೇ ಬೆಸೆದುಕೊಂಡು ಆದದ್ದು ಎಂದು ಎಕ್ಸ್‌ರೇ ತೋರಿಸಿ ಹೇಳಿದರು. ಗಟ್ಟಿಯಾಗಿ ಬೆಳ್ಳಗೆ ಕಾಣಬೇಕಾದದ್ದು ಮಂಜು ಕವಿದ ಹಾಗೆ ಕಾಣುತ್ತಿತ್ತು. ತನ್ನ ಮನೆಯ ಗೋಡೆಯನ್ನು ತಾನೇ ಕೆರೆದು ತಿಂದು ಬದುಕಿದೆ ಮಗು, ಇಷ್ಟು ದಿನ, ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದಾಗ.

ಕೊಕ್ಕೂ ಅದೇ ಕಥೆಯ ಇನ್ನೊಂದು ತುದಿ. ಆಮೆಗೆ ಹಲ್ಲಿಲ್ಲ, ಕೊಕ್ಕು ನಮ್ಮ ಉಗುರಿನಂಥದ್ದು, ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಪದಾರ್ಥ ಕಚ್ಚಿ ಕಚ್ಚಿ ಸವೆಯಬೇಕು. ನಾನು ಕೊಟ್ಟದ್ದೆಲ್ಲ ಮೆತ್ತಗಿನದು. ದವಡೆಯ ಮೂಳೆಯೂ ಬಲಹೀನವಾದರೆ ಮೇಲೆ ಕೆಳಗೆ ಸರಿಯಾಗಿ ಕೂರುವುದಿಲ್ಲ, ಸವೆತ ಇನ್ನೂ ತಪ್ಪುತ್ತದೆ. ಕಟರ್ ಹಾಕಬಾರದು ಪುಟ್ಟಿ, ಯಾರೂ ಹಾಕಬಾರದು. ಉಗುರಿನ ಹಾಗೇ ಕೊಕ್ಕಿನ ಒಳಗೂ ಜೀವ ಇರುತ್ತದೆ, ಕತ್ತರಿಸಿದರೆ ಉದ್ದಕ್ಕೆ ಸೀಳುತ್ತದೆ. ಡಾಕ್ಟರಮ್ಮ ಪೆನ್ನಿನಂಥ ಪುಟ್ಟ ಗ್ರೈಂಡರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ತೆಗೆದರು. ಸೀಳು ಬುಡದವರೆಗೆ ಹೋಗಿಲ್ಲ, ಬೆಳೆಯುತ್ತಾ ಸವೆದುಹೋಗುತ್ತದೆ ಅಂದರು. ಅರ್ಧ ಮಾತ್ರ ತೆಗೆದಿದ್ದಾರೆ, ಉಳಿದದ್ದು ತಿಂಗಳು ಬಿಟ್ಟು.

ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿ ಹೋದ ಹಾಳೆ ಅಲ್ಲೇ ಇದೆ. ಒಂಬತ್ತು ಸಾಲು. ನೀರು ಬದಲಾಯಿಸುವುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಇವೆರಡನ್ನು ಬಿಟ್ಟರೆ ನಾನು ಒಂದನ್ನೂ ನೆಟ್ಟಗೆ ಪಾಲಿಸಲಿಲ್ಲ. ಯುವಿ (ನೇರಳಾತೀತ) ಬಲ್ಬನ್ನು ವರ್ಷದೊಳಗೆ ಬದಲಾಯಿಸು ಎಂದು ನೀನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಮೂವತ್ತೊಂದು ವರ್ಷ ಕರೆಂಟ್ ಕಂಬ ಹತ್ತಿದವನಿಗೆ ಉರಿಯುತ್ತಿರುವ ಬಲ್ಬನ್ನು ತೆಗೆದು ಬಿಸಾಡುವುದು ಆಗಲಿಲ್ಲ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದರೂ ಆಮೆಗೆ ಬೇಕಾದ ಯುವಿಬಿ ಕಿರಣ ಆರು ತಿಂಗಳಿಂದ ವರ್ಷದೊಳಗೆ ಸೊರಗಿಹೋಗುತ್ತದಂತೆ. 290ರಿಂದ 315 ನ್ಯಾನೋಮೀಟರ್ ನಡುವಿನ ಆ ಕಿರಣ ಮೈಮೇಲೆ ಬಿದ್ದರೇ ಡಿ3 ವಿಟಮಿನ್ ಹುಟ್ಟುವುದು, ಡಿ3 ಇದ್ದರೇ ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಮೈಗೆ ಹತ್ತುವುದು. ಹೋದ ಮಳೆಗಾಲದಲ್ಲಿ ಟ್ಯಾಂಕನ್ನು ಬಾಲ್ಕನಿಯಿಂದ ನಡುಮನೆಯ ಕಿಟಕಿಯ ಹತ್ತಿರಕ್ಕೆ ತಂದೆ. ಬೆಳಿಗ್ಗೆ ಬಿಸಿಲು ಬೀಳುತ್ತಿತ್ತು, ಸಾಕು ಅಂದುಕೊಂಡೆ. ಕಿಟಕಿಯ ಗಾಜು ಆ ಕಿರಣವನ್ನೇ ತಡೆದುಬಿಡುತ್ತದೆ. ಬೆಚ್ಚಗಿನ ಬೆಳಕಿನಲ್ಲಿ ಕಣ್ಣು ಮುಚ್ಚಿ ಕಾಲು ಚಾಚಿ ಮಲಗಿರುತ್ತಿತ್ತು ಪಾಪ, ಅದಕ್ಕೆ ಸಿಕ್ಕಿದ್ದು ಬರೀ ಶಾಖ.

ಈಗ ದಿನಾ ಬೆಳಿಗ್ಗೆ ಎಂಟಕ್ಕೆ ತಾರಸಿಗೆ ಒಯ್ಯುತ್ತೇನೆ. ಅಗಲವಾದ ಟಬ್, ಅರ್ಧಕ್ಕೆ ಹಲಗೆಯ ನೆರಳು, ಇಲ್ಲದಿದ್ದರೆ ನೀರು ಕಾದು ಬಿಸಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆ ಪಕ್ಕದಲ್ಲೇ ಕೂತಿರುತ್ತೇನೆ, ಕಾಗೆ ಇದೆ. ಹೊಸ ಬಲ್ಬಿನ ಮೇಲೆ ಹಾಕಿದ ತಾರೀಖು ಬರೆದು ಅಂಟಿಸಿದ್ದೇನೆ. ಸಿರಪ್ಪನ್ನು ತೂಕ ನೋಡಿ ಬರೆದುಕೊಟ್ಟಿದ್ದಾರೆ, ಒಂದು ಹನಿಯೂ ಹೆಚ್ಚು ಹಾಕಬೇಡಿ, ಡಿ3 ಅತಿಯಾದರೆ ಮೂತ್ರಪಿಂಡ ಕೆಡುತ್ತದೆ ಅಂದಿದ್ದಾರೆ. ನಿಮ್ಮಮ್ಮ ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎಂದು ಮುದ್ದೆ ಚೂರು ಹಾಕಲು ಬಂದಳು, ನಾನೇ ತಡೆದೆ. ನಮಗೆ ಒಳ್ಳೆಯದು, ಆಮೆಗೆ ಧಾನ್ಯ ಆಹಾರವಲ್ಲ. ಪಾಲಕ್ ಸೊಪ್ಪೂ ಬೇಡ, ಅದರ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ, ವಾರಕ್ಕೆರಡು ಸಲ ಮುಳ್ಳಿನ ಸಮೇತ ಸಣ್ಣ ಮೀನು.

ನೀನು ಬರೆದಿದ್ದ ಕಟಲ್‌ಬೋನ್, ಅಂದರೆ ಆಮೆ ಕಚ್ಚಿ ತಿನ್ನಲೆಂದು ಹಾಕುವ ಕಟಲ್‌ಫಿಶ್‌ನ ಸುಣ್ಣದಂಥ ಒಳಚಿಪ್ಪು, ಮುಗಿದು ಎಷ್ಟೋ ತಿಂಗಳಾಗಿತ್ತು, ಆಟದ ಸಾಮಾನು ಅಂದುಕೊಂಡು ತರಲಿಲ್ಲ. ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಲ್ಲಿ 'ಸಮುದ್ರ ನೊರೆ' ಅಂತ ಕೇಳಿದರೆ ಅದನ್ನೇ ಕೊಡುತ್ತಾರೆ. ಬೆಳ್ಳಗೆ, ದೋಣಿಯ ಆಕಾರ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಉಗುರು ಒತ್ತಿದರೆ ಸುಣ್ಣದ ಕಡ್ಡಿಯಂತೆ ತಗ್ಗು ಬೀಳುತ್ತದೆ. ಹಿಂಬದಿಯ ಗಟ್ಟಿ ಸಿಪ್ಪೆಯನ್ನು ಚಾಕುವಿನಲ್ಲಿ ಕೆತ್ತಿ ತೆಗೆದು, ಉಪ್ಪು ಹೋಗಲಿ ಎಂದು ಎರಡು ದಿನ ನೀರಲ್ಲಿ ನೆನೆಸಿ, ಒಣಗಿಸಿ ತೇಲಿಬಿಟ್ಟೆ. ಹತ್ತು ದಿನ ಅದು ಮೂಸಿಯೂ ನೋಡಲಿಲ್ಲ.

ಎದುರುಮನೆಯವರು 'ಈ ವಯಸ್ಸಲ್ಲಿ ನಿಮಗ್ಯಾಕೆ ಸಾರ್, ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ' ಅಂದರು. ನನಗೆ ಸಿಟ್ಟು ಬಂತು. ಅಮೆರಿಕದ ಮಿಸಿಸಿಪಿ ಸೀಮೆಯ ರೆಡ್ ಇಯರ್ಡ್ ಸ್ಲೈಡರ್ ಆಮೆ ಇದು, ನಮ್ಮ ಕೆರೆಗೆ ಬಿಟ್ಟರೆ ಇಲ್ಲಿನ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ ಇದರ ಹೆಸರಿದೆ. ಮೂವತ್ತು ವರ್ಷ ಬದುಕುವ ಪ್ರಾಣಿಯನ್ನು ಮನೆಗೆ ತಂದ ಮೇಲೆ ಮೂವತ್ತು ವರ್ಷ ನೋಡಿಕೊಳ್ಳಬೇಕು. ನೀನು ಚಿಕ್ಕವಳು, ನಿನಗೆ ಗೊತ್ತಿರಲಿಲ್ಲ. ನಾನು ದುಡ್ಡು ಕೊಟ್ಟವನು, ನಾನು ಕೇಳಿ ತಿಳಿದುಕೊಳ್ಳಬೇಕಿತ್ತು.

ಇದನ್ನೆಲ್ಲ ಬರೆಯುತ್ತಾ ನಿನ್ನ ಯೋಚನೆ ಹತ್ತಿತು. ನಿನ್ನ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ ಅಂದೆಯಲ್ಲ. ಅಲ್ಲಿನ ಚಳಿಗಾಲದ ಬಿಸಿಲಿಗೆ ಮನುಷ್ಯರ ಮೈಯಲ್ಲೂ ವಿಟಮಿನ್ ಡಿ ಹುಟ್ಟಿಸುವಷ್ಟು ಶಕ್ತಿ ಇರುವುದಿಲ್ಲವಂತೆ. ಬ್ರೆಡ್ಡು, ನೂಡಲ್ಸ್ ಅಷ್ಟರಲ್ಲೇ ದಿನ ಕಳೆಯಬೇಡ. ಮೊಸರು ತಿನ್ನು. ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದರೆ ಮಾತ್ರೆ ತೆಗೆದುಕೋ. ಹೋದ ತಿಂಗಳು ಮೊಣಕಾಲು ನೋವು ಅಂದಿದ್ದೆ, ಆಮೇಲೆ ಕೇಳಿದರೆ 'ಚೆನ್ನಾಗಿದ್ದೀನಪ್ಪಾ' ಅಂದೆ. ಆ 'ಚೆನ್ನಾಗಿದ್ದೀನಿ' ನನ್ನ 'ಚೆನ್ನಾಗಿದೆ'ಯ ಹಾಗೆಯೇ ಕೇಳಿಸುತ್ತದೆ. ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಕೂತಿದ್ದೆ, ಕ್ಷಮಿಸು. ಒಂಬತ್ತು ಸಾಲಿನಲ್ಲಿ ಒಂದು ಜೀವಕ್ಕೆ ಬೇಕಾದದ್ದನ್ನೆಲ್ಲ ಬರೆದಿಟ್ಟು ಹೋದವಳು ನೀನು. ಡಾಕ್ಟರಮ್ಮನಿಗೆ ಆ ಹಾಳೆಯ ಫೋಟೋ ತೋರಿಸಿದೆ, 'ಇದರಲ್ಲಿ ಎಲ್ಲ ಸರಿಯಾಗಿದೆಯಲ್ಲ' ಅಂದರು. ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೇನೆ. ಮೊದಲ ವಾರ 386 ಗ್ರಾಂ, ಎರಡನೇ ವಾರ 379, ನಿನ್ನೆ 391. ಚಿಪ್ಪು ಗಟ್ಟಿಯಾಗಲು ತಿಂಗಳುಗಳೇ ಬೇಕು. ಇವತ್ತು ಬೆಳಿಗ್ಗೆ ಸಮುದ್ರ ನೊರೆಯನ್ನು ಎತ್ತಿ ನೋಡಿದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚಿದ ಗುರುತು ಮೂರು ಇವೆ.

ವಿಡಿಯೋ ಕಾಲ್‌ನಲ್ಲಿ ನಾನು ಯಾವಾಗಲೂ ಮೇಲಿನಿಂದ ಅದರ ಬೆನ್ನನ್ನೇ ತೋರಿಸುತ್ತಿದ್ದೆ, ನೀನು ಕೊಕ್ಕು ನೋಡಬಾರದು ಎಂದು. ಗುರುವಾರ ಎರಡನೇ ಸಲ ಉಜ್ಜಿಸಲು ಹೋಗುತ್ತೇವೆ. ಬಂದ ಮೇಲೆ ಫೋನ್ ಮಾಡುತ್ತೇನೆ. ಮುಖದ ಮುಂದೆಯೇ ಹಿಡಿಯುತ್ತೇನೆ, ನೋಡು.

ಇಂತಿ,
ನಿನ್ನ ಅಪ್ಪ